ವಿಜ್ಞಾನ ಪ್ರದರ್ಶನ: ಪ್ಯಾರಿಸ್ ಗುಡ್ಡದ ತಾಮ್ರದ ಹೊಂಡಗಳ ಮಾದರಿಯಲ್ಲಿ ನಿಜವಾಗಿ ತಾಮ್ರ ಬರಿಸುವುದು ಹೇಗೆ?

ಕುಮಟಾ ಅಕ್ಕೋರು — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯ ಮಕ್ಕಳು ತಾಲೂಕು ಮಟ್ಟದ ವಿಜ್ಞಾನ ಪ್ರದರ್ಶನಕ್ಕೆ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಪ್ಯಾರಿಸ್ ಗುಡ್ಡವನ್ನು ಆರಿಸಿಕೊಂಡಿದ್ದಾರೆ. ಫ್ರಾನ್ಸಿನ ಊರಿಗೂ ಇದಕ್ಕೂ ಸಂಬಂಧವಿಲ್ಲ, ಇದು ಹಳೆಯ ತಾಮ್ರದ ಗಣಿ. ಗುಡ್ಡದಿಂದ ತಾಮ್ರ ಕರಗಿಸಿಕೊಂಡು ಇಳಿದ ನೀರನ್ನು ಹೊಂಡಕ್ಕೆ ಬಿಟ್ಟು, ಅದರಲ್ಲಿ ಗುಜರಿ ಕಬ್ಬಿಣ ಹಾಕಿ ತಾಮ್ರ ತೆಗೆಯುತ್ತಿದ್ದರಂತೆ. ಥರ್ಮಾಕೋಲಿನ ಗುಡ್ಡಕ್ಕೆ ಬಣ್ಣ ಬಳಿದು ನಿಲ್ಲಿಸುವ ಬದಲು ಆ ಹೊಂಡಗಳೇ ಎಲ್ಲರ ಕಣ್ಣೆದುರು ಕೆಲಸ ಮಾಡಬೇಕು ಎಂಬುದು ಮಕ್ಕಳ ಆಸೆ.

ಯಾವ ಸಾಮಾನು ಎಷ್ಟೆಷ್ಟು ಬೇಕು? ಐದು ತಾಸಿನಲ್ಲಿ ನೋಡುವವರಿಗೆ ಏನಾದರೂ ಕಾಣುತ್ತದೆಯೇ? ಕಬ್ಬಿಣವೇ ತಾಮ್ರವಾಗುತ್ತದೆ ಎಂದು ಒಬ್ಬ ಹುಡುಗ ಬರೆದಿದ್ದಾನೆ, ಅದನ್ನು ಅವನಿಗೆ ಹೇಗೆ ತಿಳಿಸಿಕೊಡಲಿ? ಗುಡ್ಡದ ಸುತ್ತಲಿನ ಊರುಗಳ ಬಗ್ಗೆಯೂ ಒಂದು ಫಲಕ ಮಾಡಬೇಕು. ಇನ್ನೊಂದು ಮಾತು, ನಮ್ಮ ಶಾಲೆಯ ಹಿಂದಿನ ಗಟಾರದ ನೀರು ಗಜನಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ) ಹೋಗುತ್ತದೆ. ಉಳಿದ ನೀರನ್ನು ಏನು ಮಾಡುವುದು?

ತೋಟಿಗ, ಶಿರಸಿ

ಅಕ್ಕೋರೇ, ಇದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಜಿಲ್ಲೆಯಲ್ಲೇ ಇದೆ. ಆ ಹುಡುಗನಿಗೆ ತಿಳಿಸುವ ದಾರಿಯೂ ಇಲ್ಲೇ ಇದೆ.

ಅಡಿಕೆಗೆ ಕೊಳೆ ಔಷಧಿ ಕಲಸುವುದನ್ನು ಘಟ್ಟದ ಮೇಲಿನ ಮಕ್ಕಳೆಲ್ಲ ನೋಡಿರುತ್ತಾರೆ. 1 ಕಿಲೋ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಕೂಡಿಸಿದರೆ ಶೇ. 1ರ ಬೋರ್ಡೋ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ತಿಕ್ಕಿ ಹೊಳಪು ತಂದ ಕತ್ತಿಯನ್ನೋ ಬ್ಲೇಡನ್ನೋ ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಾದರೆ ಸುಣ್ಣ ಕಡಿಮೆ, ಆ ಔಷಧಿ ಹೊಡೆದರೆ ಹಿಂಗಾರ, ಎಳೆಗಾಯಿ ಸುಡುತ್ತವೆ. ಆ ಕೆಂಪೇ ತಾಮ್ರ. ಪ್ಯಾರಿಸ್ ಗುಡ್ಡದ ಹೊಂಡಗಳಲ್ಲಿ ಆಗುತ್ತಿದ್ದದ್ದು ಅಷ್ಟೇ, ಅಲಗಿನ ಬದಲು ಬಂಡಿಗಟ್ಟಲೆ ಗುಜರಿ. ಬೋರ್ಡೋವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಅನ್ನುವುದಕ್ಕೂ ಕಾರಣ ಇದೇ.

ಕಬ್ಬಿಣ ತಾಮ್ರವಾಗುವುದಿಲ್ಲ, ಎರಡೂ ಜಾಗ ಬದಲಿಸಿಕೊಳ್ಳುತ್ತವೆ. ನೀರಿನಲ್ಲಿ ಕರಗಿದ್ದ ತಾಮ್ರ ಲೋಹವಾಗಿ ಹೊರಗೆ ಬರುತ್ತದೆ, ಲೋಹವಾಗಿದ್ದ ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ. ಹುಡುಗನಿಗೆ ಬಾಯಲ್ಲಿ ಹೇಳುವುದಕ್ಕಿಂತ ಮೊಳೆಯನ್ನು ಮೊದಲು ತೂಗಿಸಿ, ಎರಡು ದಿನದ ಮೇಲೆ ಕೆಂಪು ಪುಡಿಯನ್ನೆಲ್ಲ ಉಜ್ಜಿ ತೊಳೆದು ಮತ್ತೆ ತೂಗಿಸಿ. ಮೊಳೆ ಸವೆದಿರುತ್ತದೆ.

ಲೆಕ್ಕ ಹೀಗೆ. ಮೈಲುತುತ್ತದ ಹರಳಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು, ಶೇ. 25.4ರಷ್ಟು ತಾಮ್ರ ಇರುತ್ತದೆ. ನಿಮಗೆ ಒಟ್ಟು 4 ಲೀಟರ್ ನೀರಿಗೆ 40 ಗ್ರಾಂ ಮೈಲುತುತ್ತ ಸಾಕು. ಅದರಲ್ಲಿ ತಾಮ್ರ ಸುಮಾರು 10 ಗ್ರಾಂ. ಅಷ್ಟನ್ನೂ ಹೊರಗೆ ತೆಗೆಯಲು ಲೆಕ್ಕದ ಪ್ರಕಾರ 9 ಗ್ರಾಂ ಕಬ್ಬಿಣ ಸಾಕು. ಆದರೆ ಇಲ್ಲಿ ತೂಕಕ್ಕಿಂತ ಮೈ ಮುಖ್ಯ: ನೀರಿಗೆ ತಾಗುವ ಕಬ್ಬಿಣ ಎಷ್ಟು ಅಗಲವಾಗಿದೆಯೋ ಕೆಲಸ ಅಷ್ಟು ಬೇಗ. ಮೊಳೆ ಹಾಕಿದರೆ ನೀಲಿ ಹೋಗಲು ದಿನವೊಂದೆರಡು ಬೇಕು. ಲೇತ್ ಅಂಗಡಿಯಲ್ಲಿ ಬೀಳುವ ಕಬ್ಬಿಣದ ಸುರುಳಿ 150 ಗ್ರಾಂ ತಂದು ಹಾಕಿ, ತಾಸುಗಳಲ್ಲಿ ಕಾಣುತ್ತದೆ. ಸುರುಳಿಗೆ ಎಣ್ಣೆ ಹತ್ತಿರುತ್ತದೆ. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ಎರಡು ಸಲ ತೊಳೆಯದಿದ್ದರೆ ತಾಮ್ರ ಕೂರುವುದೇ ಇಲ್ಲ. ತುಕ್ಕು ಇದ್ದರೆ ಹುಣಸೆ ನೀರಿನಲ್ಲಿ ಒಂದು ರಾತ್ರಿ ಇಟ್ಟು ತಿಕ್ಕಿ ತೊಳೆಯಿರಿ. ಸುರುಳಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಮಕ್ಕಳ ಕೈಗೆ ಬರಿದಾಗಿ ಕೊಡಬೇಡಿ.

ಜೋಡಿಸುವ ಕ್ರಮ: ಒಂದೊಂದು ಲೀಟರ್ ಹಿಡಿಯುವ ಎರಡು, ಎರಡು ಲೀಟರಿಗೂ ಮಿಕ್ಕಿ ಹಿಡಿಯುವ ಒಂದು, ಹೀಗೆ ಮೂರು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಗದ್ದೆಯ ಮಡಿಗಳ ಹಾಗೆ ಒಂದಕ್ಕಿಂತ ಒಂದು ಕೆಳಗಿರುವಂತೆ ಇಡಿ. ಮೇಲಿನ ಎರಡು ತಟ್ಟೆಗಳಿಗೆ ತಲಾ 75 ಗ್ರಾಂ ಸುರುಳಿ, ತಲಾ ಒಂದು ಲೀಟರ್ ನೀಲಿ ನೀರು. ಮೂರನೆಯದು, ದೊಡ್ಡದು, ಖಾಲಿ ಇರಲಿ, ಅದು ನೀರಿಗಿಳಿದ ಕಬ್ಬಿಣ ಕಾವಿಯಾಗಿ ಕೂರುವ ಹೊಂಡ. ಮಿಕ್ಕ 2 ಲೀಟರನ್ನು ಗುಡ್ಡದ ತಲೆಯ ಮೇಲಿನ ಬಾಟಲಿಯಲ್ಲಿಟ್ಟು, ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ನಳಿಗೆಯಿಂದ ಬಿಡಿ. ಆ ನಳಿಗೆಯಲ್ಲಿ 20 ಹನಿಗೆ 1 ಮಿ.ಲೀ., ಹಾಗಾಗಿ ನಿಮಿಷಕ್ಕೆ ಸುಮಾರು 130 ಹನಿ ಬಿದ್ದರೆ 2 ಲೀಟರ್ ಖಾಲಿಯಾಗಲು ಐದು ತಾಸು.

ಅರ್ಧ ತಾಸಿಗೊಮ್ಮೆ ಕಡ್ಡಿಯಿಂದ ಸುರುಳಿಯನ್ನು ಅಲುಗಿಸಬೇಕು. ಕೂತ ತಾಮ್ರ ಕಬ್ಬಿಣಕ್ಕೆ ಹೊದಿಕೆಯಾಗಿಬಿಟ್ಟರೆ ಒಳಗಿನ ಕಬ್ಬಿಣಕ್ಕೆ ನೀರು ತಾಗುವುದಿಲ್ಲ, ಕೆಲಸ ನಿಂತುಹೋಗುತ್ತದೆ. ಗಣಿಯ ಹೊಂಡಗಳಲ್ಲೂ ಕಬ್ಬಿಣವನ್ನು ಕದಲಿಸಿ, ಕೆರೆದು, ಆಮೇಲೆ ನೀರು ಬಸಿದು ತಳದ ಕೆಸರನ್ನು ಬಳಿದು ತೆಗೆಯುತ್ತಿದ್ದರು.

ತಾಮ್ರ ಹೋದ ನೀರು ಹಚ್ಚಹಸುರಾಗುತ್ತದೆ ಎಂದು ಕಾಯಬೇಡಿ. ಇಷ್ಟು ತೆಳುವಿನಲ್ಲಿ ಅದು ಬಣ್ಣವೇ ಇಲ್ಲದ ಹಾಗೆ ಕಾಣುತ್ತದೆ. ಅದಕ್ಕೇ ಮೊದಲ ನೀಲಿ ನೀರನ್ನು ಒಂದು ಬಾಟಲಿಯಲ್ಲಿ ತೆಗೆದಿಟ್ಟು, ಪ್ರತಿ ಹೊಂಡದ ನೀರನ್ನೂ ಅದರ ಪಕ್ಕ ಇಡಿ. ನೋಡುವವರಿಗೆ ಅದು ಸಾಕು.

ಕುಮಟಾ ಅಕ್ಕೋರು

ತುಂಬ ಉಪಕಾರವಾಯಿತು. ನಿನ್ನೆ ಸಣ್ಣದಾಗಿ ಮಾಡಿ ನೋಡಿದೆವು, ಎರಡು ತೊಂದರೆ ಬಂತು. ಸುರುಳಿ ಸಿಗಲಿಲ್ಲ ಎಂದು ಮಾಡಿಗೆ ತಗಡು ಹೊಡೆಯುವ ಮೊಳೆ ಹಾಕಿದೆವು, ಕೆಂಪಿನ ಬದಲು ಕಪ್ಪು ಬೂಷ್ಟಿನಂಥದು ಬಂತು, ಗುಳ್ಳೆಯೂ ಎದ್ದಿತು. ತಟ್ಟೆಯ ತಳಕ್ಕೆ ಚಂದ ಕಾಣಲೆಂದು ಸಮುದ್ರದ ಹೊಯ್ಗೆ ಹಾಸಿದ್ದೆವು, ಅದರ ಮೇಲೆಲ್ಲ ತಿಳಿ ಹಸುರು ಕೂತಿದೆ. ಇದೂ ತಾಮ್ರವೇ?

ಲೇತ್ ಕೆಲಸ, ಅಂಕೋಲಾ

ಮಾಡಿನ ಮೊಳೆಗೆ ಸತುವಿನ ಲೇಪ ಇರುತ್ತದೆ. ತಾಮ್ರವನ್ನು ಹೊರಗೆ ತಳ್ಳುವುದರಲ್ಲಿ ಸತು ಕಬ್ಬಿಣಕ್ಕಿಂತ ಚುರುಕು. ಹಾಗಾಗಿ ತಾಮ್ರ ಬಂದಿದೆ, ಆದರೆ ವೇಗವಾಗಿ ಬಂದದ್ದರಿಂದ ಬಹಳ ನುಣುಪಾದ ಪುಡಿಯಾಗಿದೆ. ತೀರ ನುಣುಪಾದ ಲೋಹದ ಪುಡಿ ಕಪ್ಪಾಗಿಯೇ ಕಾಣುತ್ತದೆ. ಮಾದರಿಗೆ ಅದು ಬೇಡ, ಏಕೆಂದರೆ ನೀರಿಗೆ ಸತುವೂ ಸೇರಿ ಲೆಕ್ಕವೆಲ್ಲ ಕೆಡುತ್ತದೆ.

ಲೇಪವಿಲ್ಲದ ಕಬ್ಬಿಣ ಬೇಕು. ಬಡಗಿಯ ಸಾದಾ ಮೊಳೆ, ಕಟ್ಟಡದವರ ಕಪ್ಪು ಕಟ್ಟುತಂತಿ ಎರಡೂ ಆಗುತ್ತವೆ. ತಂತಿಯನ್ನು ಎಮರಿ ಕಾಗದದಲ್ಲಿ ಒಮ್ಮೆ ಎಳೆದು ಸುರುಳಿ ಸುತ್ತಿ ಹಾಕಿ. ಸ್ಟೇನ್‌ಲೆಸ್ ಸ್ಟೀಲ್ ಆಗುವುದಿಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರಿನಲ್ಲೂ ಕೆಲವು ಸ್ಟೇನ್‌ಲೆಸ್ ಇರುತ್ತವೆ. ಲೇತಿನ ಚೂರಿನಲ್ಲಿ ಅಲ್ಯುಮಿನಿಯಂ, ಹಿತ್ತಾಳೆ ಬೆರೆತಿರಬಹುದು, ಅಯಸ್ಕಾಂತ ಹಿಡಿದು ಹತ್ತಿದ್ದನ್ನು ಮಾತ್ರ ತೆಗೆದುಕೊಳ್ಳಿ. ಕೊನೆಗೆ ತಾಮ್ರದ ಪುಡಿಯಲ್ಲಿ ಉಳಿದ ಕಬ್ಬಿಣದ ಚೂರನ್ನು ಬೇರೆ ಮಾಡಲೂ ಅದೇ ಅಯಸ್ಕಾಂತ. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಆಡಿಸಿದರೆ ಚೂರು ಕಿತ್ತು ತೆಗೆಯುವುದು ಸುಲಭ.

ಹೊಯ್ಗೆಯ ಹಸುರಿಗೆ ಕಾರಣ ಚಿಪ್ಪಿನ ಪುಡಿ. ಸಮುದ್ರದ ಹೊಯ್ಗೆಯಲ್ಲಿ ಚಿಪ್ಪಿನ ಚೂರು ಇದ್ದೇ ಇರುತ್ತದೆ, ಚಿಪ್ಪು ಅಂದರೆ ಸುಣ್ಣದ ಕಲ್ಲೇ. ಅದು ನೀರಿನ ಹುಳಿಯನ್ನು (ಆಮ್ಲವನ್ನು) ಹೀರಿ ತಾಮ್ರವನ್ನು ಹಸುರು ಮಡ್ಡಿಯಾಗಿ ಕೂರಿಸಿಬಿಡುತ್ತದೆ. ತಾಮ್ರವೇ ಹೌದು, ಆದರೆ ಲೋಹವಲ್ಲ. ನದಿಯ ಮರಳು ಹಾಕಿ, ಇಲ್ಲವೇ ಏನೂ ಹಾಕಬೇಡಿ. ಸಿಮೆಂಟಿನಲ್ಲಿ ಹೊಂಡ ಮಾಡಿದರೂ ಇದೇ ತೊಂದರೆ. ಗುಡ್ಡದ ಒಳಗೆ ಚಿರೇಕಲ್ಲೂ ಬೇಡ, ಅದು ನೀರು ಕುಡಿದು ಕೂರುತ್ತದೆ. ಕಪ್ಪು ಜಲ್ಲಿ ಒಳ್ಳೆಯದು. ಕೆಲವು ಬಾವಿಗಳ ನೀರಿನಲ್ಲಿ ಮೈಲುತುತ್ತ ಹಾಕುತ್ತಲೇ ಮಸುಕಾಗುತ್ತದೆ, ಮಳೆನೀರು ಹಿಡಿದಿಟ್ಟರೆ ಆ ಕಾಟವಿಲ್ಲ.

ತಾಮ್ರದ ಪುಡಿಯನ್ನು ಬಿಸಿಲಿಗೆ ಹರಡಿ ಒಣಗಿಸಬೇಡಿ. ಒದ್ದೆ ಪುಡಿ ಗಾಳಿಗೆ ಬೇಗ ಕಂದಾಗುತ್ತದೆ. ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ ಕೂಡಲೇ ಸಣ್ಣ ಬಾಟಲಿಗೆ ತುಂಬಿ ಮುಚ್ಚಿ. ಕರಗಿಸಿ ತೋರಿಸೋಣ ಎಂದು ಯಾರಾದರೂ ಹೊರಟರೆ ತಡೆಯಿರಿ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ, ಶಾಲೆಯಲ್ಲಿ ಮಾಡುವ ಕೆಲಸವಲ್ಲ.

ಬೈತಕೋಲ, ಕಾರವಾರ

ಫಲಕಕ್ಕೆ ಬೇಕಾದದ್ದನ್ನು ನಾನು ಬರೆಯುತ್ತೇನೆ.

ಗುಡ್ಡದ ಎತ್ತರ 147 ಮೀಟರ್ ಅಷ್ಟೇ. ಘಟ್ಟ ನೋಡಿದ ಕಣ್ಣಿಗೆ ದಿಬ್ಬ ಅನಿಸಬಹುದು. ಮಾದರಿಗೆ ನೆಲದ ಅಳತೆ 1 ಸೆಂ.ಮೀ.ಗೆ 50 ಮೀಟರ್ ಇಟ್ಟರೆ ಎತ್ತರ ಬರೀ 3 ಸೆಂ.ಮೀ. ಆಗುತ್ತದೆ. ಎತ್ತರವನ್ನು ಐದು ಪಟ್ಟು ಮಾಡಿ 15 ಸೆಂ.ಮೀ.ಗೆ ಏರಿಸಿ, ಏರಿಸಿದ್ದನ್ನು ಫಲಕದಲ್ಲಿ ಬರೆಯಿರಿ. ತಲೆಯ ಮೇಲೆ ದೊಡ್ಡ ತೆರೆದ ಗುಂಡಿ, ಶಿಖರದ ಹತ್ತಿರ 1878ರ ಗಾಳಿಗಿರಣಿಯ ಗೋಪುರ. ಗಣಿಯ ನೀರೆತ್ತುವ ಉಗಿಯಂತ್ರಕ್ಕೆ ನೆರವಾಗಲೆಂದು ಅದನ್ನು ಕಟ್ಟಿದ್ದು, ರೆಕ್ಕೆಗಳು ಈಗಿಲ್ಲ, ಮೊಂಡು ಗೋಪುರ ಉಳಿದಿದೆ. ಬಣ್ಣಕ್ಕೆ ಅಂಗಡಿಯ ಪೇಂಟಿಗಿಂತ ಕೆಮ್ಮಣ್ಣು, ಶೇಡಿ, ಅರಿಶಿನ ಮಣ್ಣು ಕಲಸಿ ಬಳಿಯಿರಿ. ಆ ಗುಡ್ಡ ನಿಜಕ್ಕೂ ಕೆಂಪು, ಹಳದಿ, ನೇರಳೆ ಬಣ್ಣಗಳ ಬೋಳುಗುಡ್ಡ. ಅಲ್ಲಲ್ಲಿ ಒಂದಿಷ್ಟು ಕುರುಚಲು ಬಿಟ್ಟರೆ ಗಿಡಮರ ಕಡಿಮೆ.

ಮಕ್ಕಳು ಖಂಡಿತ ಕೇಳುವ ಪ್ರಶ್ನೆ: ನಮ್ಮಲ್ಲೂ ಗುಡ್ಡ ಕೆಂಪು, ಹಾಗಾದರೆ ಇಲ್ಲೂ ತಾಮ್ರ ಇದೆಯೇ? ನಮ್ಮ ಕೆಂಪು ಚಿರೇಕಲ್ಲಿನ ಕೆಂಪು, ಮಳೆ ಬಿಸಿಲಿಗೆ ಲಕ್ಷಾಂತರ ವರ್ಷ ಕೊಳೆತ ಕಲ್ಲಿನಲ್ಲಿ ಉಳಿದ ಕಬ್ಬಿಣ. ಅಲ್ಲಿಯ ಕೆಂಪು ಗಂಧಕ ಬೆರೆತ ಅದಿರು ಗಾಳಿ ನೀರಿಗೆ ತೆರೆದುಕೊಂಡು ಹುಳಿಯಾಗಿ ಒಡೆದದ್ದರಿಂದ ಬಂದದ್ದು. ತಾಮ್ರದ ಗುರುತು ಕೆಂಪಲ್ಲ, ಕಲ್ಲಿನ ಬಿರುಕಿನಲ್ಲಿ ಕಾಣುವ ಹಸುರು ನೀಲಿ ಕಲೆ. ಕರ್ನಾಟಕದಲ್ಲೇ ಉದಾಹರಣೆ ಬೇಕಿದ್ದರೆ ಚಿತ್ರದುರ್ಗದ ಹತ್ತಿರದ ಇಂಗಳದಾಳ. ಅಲ್ಲಿ ಹಿಂದಿನವರು ತೋಡಿದ ಕುಳಿಗಳೂ ಇದ್ದವು, ನಮ್ಮ ಕಾಲದ ಗಣಿಯೂ ನಡೆದಿತ್ತು.

ಪ್ಯಾರಿಸ್ ಗುಡ್ಡದಲ್ಲಿ ಸುಮಾರು 4000 ವರ್ಷದ ಹಿಂದೆ, ಕಂಚಿನ ಯುಗದಲ್ಲೇ ಅಗೆದಿದ್ದಾರೆ. ಕಲ್ಲಿನ ಸುತ್ತಿಗೆಗಳೂ ಇದ್ದಿಲೂ ಸಿಕ್ಕಿವೆ, ಇದ್ದಿಲಿನಿಂದಲೇ ಕಾಲ ತಿಳಿದದ್ದು. ದೊಡ್ಡ ಕಾಲ ಶುರುವಾದದ್ದು 1768ರ ಮಾರ್ಚ್ 2ರಂದು, ದೊಡ್ಡ ಅದಿರು ಸಿಕ್ಕ ದಿನ. ಅದನ್ನು ಕಂಡ ಗಣಿಗಾರ ರೋಲಂಡ್ ಪ್ಯೂ ಅವನಿಗೆ ಒಂದು ಬಾಟಲಿ ವಿಸ್ಕಿ, ಬದುಕಿರುವ ತನಕ ಬಾಡಿಗೆಯಿಲ್ಲದ ಮನೆ ಕೊಟ್ಟರೆಂದು ಹೇಳುತ್ತಾರೆ. ನೆಲದ ಒಡೆತನದ ವ್ಯಾಜ್ಯಕ್ಕೆ ವಕೀಲನಾಗಿ ಬಂದ ಥಾಮಸ್ ವಿಲಿಯಮ್ಸ್ ಕೊನೆಗೆ ಇಡೀ ವ್ಯಾಪಾರವನ್ನೇ ಕೈಗೆ ತೆಗೆದುಕೊಂಡ. 1780ರ ದಶಕದಲ್ಲಿ ಜಗತ್ತಿನ ತಾಮ್ರದ ಬೆಲೆ ಈ ಗುಡ್ಡದ ಕಡೆ ನೋಡುತ್ತಿತ್ತು.

ಊರುಗಳಲ್ಲಿ ಮುಖ್ಯವಾದದ್ದು ಉತ್ತರಕ್ಕೆ ಕಡಲ ದಂಡೆಯ ಆಮ್ಲುಖ್. ಮೀನುಗಾರರ ಸಣ್ಣ ಹಳ್ಳಿ ಬಂದರು ಪಟ್ಟಣವಾಯಿತು. ಬಂಡೆಗಳ ನಡುವಿನ ಇಕ್ಕಟ್ಟಾದ ಕೋಡಿಯನ್ನು 1793ರ ಕಾಯ್ದೆಯ ಮೇಲೆ ಅಗಲ ಮಾಡಿದರು. ದಕ್ಷಿಣಕ್ಕೆ ರೋಸಿಬೋಲ್, ಪೂರ್ವಕ್ಕೆ ಪೆನಿಸಾರ್ನ್ ಎಂಬ ಹಳ್ಳಿಗಳು. ಅದಿರು ಒಡೆಯುವ ಕೆಲಸ ಹೆಂಗಸರದ್ದು. ಎಡಗೈಗೆ ಕಬ್ಬಿಣದ ಬಳೆ ಸುತ್ತಿದ ಕೈಗವಸು, ಬಲಗೈಯಲ್ಲಿ ಸುತ್ತಿಗೆ, ಮುಂದೆ ಕಬ್ಬಿಣದ ಅಡಿಗಲ್ಲು: ಒಂದೊಂದೇ ಕಲ್ಲನ್ನು ಚೂರು ಮಾಡಿ ತಾಮ್ರ ಇದ್ದದ್ದನ್ನು ಆರಿಸಬೇಕು. ದಯವಿಟ್ಟು ಅವರಿಗೆ ಫಲಕದಲ್ಲಿ ದೊಡ್ಡ ಜಾಗ ಕೊಡಿ. ಗಣಿಗಾರರ ಗುಂಪುಗಳು ಬಂಡೆಯ ಒಂದೊಂದು ಭಾಗವನ್ನು ಗುತ್ತಿಗೆ ಹಿಡಿಯುತ್ತಿದ್ದವು. ಚಿಲ್ಲರೆ ನಾಣ್ಯ ಸಿಗದ ಕಾಲ, ಹಾಗಾಗಿ 1787ರಿಂದ ಕಂಪನಿ ತನ್ನದೇ ತಾಮ್ರದ ಪೆನ್ನಿ ಒತ್ತಿಸಿತು, ಒಂದು ಬದಿಗೆ ಪ್ರಾಚೀನ ಕಾಲದ ಗಡ್ಡದ ಡ್ರೂಯಿಡ್ ಪುರೋಹಿತನ ಮುಖ. ಅದಿರನ್ನು ಗೂಡುಗಳಲ್ಲಿ ತಿಂಗಳುಗಟ್ಟಲೆ ಸುಡುತ್ತಿದ್ದರು. ಆ ಗಂಧಕದ ಹೊಗೆಗೆ ಸುತ್ತಲ ಹಸುರು ಸುಟ್ಟುಹೋಯಿತು.

ಬಂದರಿನ ಮಕ್ಕಳಿಗೆ ಹಡಗಿನ ಮಾತು ಹಿಡಿಸುತ್ತದೆ. ಮರದ ಹಡಗಿನ ತಳವನ್ನು ಕಡಲ ಹುಳ ಕೊರೆಯುತ್ತದೆ, ನಮ್ಮ ದೋಣಿಗಳಿಗೆ ಗೇರೆಣ್ಣೆ ಬಳಿಯುತ್ತಿದ್ದದ್ದು ಅದಕ್ಕೇ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದು ನೋಡಿತು. ಹುಳ ನಿಂತಿತು, ಆದರೆ ತಗಡಿಗೆ ತಾಗಿದ ಕಬ್ಬಿಣದ ಬೋಲ್ಟುಗಳು ಉಪ್ಪುನೀರಿನಲ್ಲಿ ಕರಗಿಹೋಗುತ್ತಿದ್ದವು. ತಾಮ್ರದ ಜೊತೆಯಲ್ಲಿ ಕಬ್ಬಿಣ ಸವೆಯುವ ಅದೇ ಗುಣ ನಿಮ್ಮ ತಟ್ಟೆಯಲ್ಲೂ ಇದೆ. 1780ರ ದಶಕದಲ್ಲಿ ತಣ್ಣಗೆ ಎಳೆದು ಗಟ್ಟಿ ಮಾಡಿದ ತಾಮ್ರದ ಬೋಲ್ಟು ಬಂದ ಮೇಲೆ ಸಮಸ್ಯೆ ತೀರಿತು. ಅವನ್ನು ಒದಗಿಸಿದವರಲ್ಲಿ ವಿಲಿಯಮ್ಸ್ ಮುಖ್ಯ. ಪ್ಯಾರಿಸ್ ಗುಡ್ಡದ ತಾಮ್ರಕ್ಕೆ ದೊಡ್ಡ ಗಿರಾಕಿ ಸಿಕ್ಕಿದ್ದು ಹೀಗೆ.

ಅಗೆತ ಇಳಿಮುಖವಾದ ಮೇಲೂ ಹೊಂಡಗಳ ಕೆಲಸ ನಿಲ್ಲಲಿಲ್ಲ, 1950ರ ದಶಕದ ತನಕ ನಡೆಯಿತು. ಮಳೆ ಸುರಿಯುತ್ತಿತ್ತು, ಗುಡ್ಡದೊಳಗೆ ಹರಿದು ತಾಮ್ರ ಹೊತ್ತು ಬರುತ್ತಿತ್ತು, ಕಬ್ಬಿಣ ಹಾಕಿದರಾಯಿತು. ತಾಮ್ರ ತೆಗೆದ ನೀರನ್ನು ಇನ್ನೂ ದೊಡ್ಡ ಹೊಂಡಗಳಿಗೆ ಬಿಟ್ಟು ಕಾವಿ ಕೂರಿಸಿ, ಅದನ್ನು ಬಣ್ಣಕ್ಕೆ ಮಾರುತ್ತಿದ್ದರು.

ಗಜನಿ ಕಟ್ಟೆ, ಅಘನಾಶಿನಿ

ಉಳಿದ ನೀರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

40 ಗ್ರಾಂ ಮೈಲುತುತ್ತ ಅಂದರೆ ಒಂದು ಮುಷ್ಟಿಯೂ ಅಲ್ಲ. ಅದರಲ್ಲಿರುವ 10 ಗ್ರಾಂ ತಾಮ್ರವನ್ನು ಕುಡಿಯುವ ನೀರಿನ ಭಾರತೀಯ ಮಾನಕಕ್ಕೆ, ಲೀಟರಿಗೆ 0.05 ಮಿಲಿಗ್ರಾಂಗೆ ಇಳಿಸಬೇಕಾದರೆ ಎರಡು ಲಕ್ಷ ಲೀಟರ್ ನೀರು ಬೇಕು. ಬೇರೆ ನೀರೇ ಸಿಗದಾಗ ಒಪ್ಪುವ 1.5 ಮಿಲಿಗ್ರಾಂ ಲೆಕ್ಕ ಹಿಡಿದರೂ 6,700 ಲೀಟರ್. ಮೀನು, ಸೀಗಡಿ, ಬಳಚಿನ (ಚಿಪ್ಪುಮೀನಿನ) ಮರಿಗಳಿಗೆ ಮನುಷ್ಯರಿಗಿಂತ ಎಷ್ಟೋ ಕಡಿಮೆ ತಾಮ್ರವೇ ವಿಷ. ಹಾಗಾಗಿ ಗಜನಿಗೆ ಹೋಗುವ ಗಟಾರಕ್ಕೆ ಒಂದು ಲೋಟವೂ ಬೇಡ. ಬಾಟಲಿ ತೊಳೆದ ನೀರೂ ಬೇಡ.

ಮೂರನೇ ತಟ್ಟೆಯ ಕಾವಿ ಕೂರಿಸುವ ಕೆಲಸವನ್ನೇ ಬಕೆಟ್ಟಿನಲ್ಲಿ ಮಾಡಿ ಇದನ್ನು ಮುಗಿಸಬಹುದು. ಪ್ರದರ್ಶನ ಮುಗಿದ ಮೇಲೆ ಎಲ್ಲ ನೀರನ್ನೂ ಬಕೆಟ್ಟಿಗೆ ಸುರಿದು, ಉಳಿದ ಸುರುಳಿಯನ್ನೂ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಹೊಸದಾಗಿ ತಿಕ್ಕಿದ ಬ್ಲೇಡನ್ನು ಒಂದು ನಿಮಿಷ ಅದ್ದಿ, ಕೆಂಪು ಕೂರಬಾರದು. ಆಮೇಲೆ ಸುರುಳಿ, ತಾಮ್ರದ ಪುಡಿ ಸೋಸಿ ತೆಗೆದು ಸುಣ್ಣದ ಹಾಲನ್ನು ಚೂರುಚೂರೇ ಹಾಕುತ್ತ ಕಲಕಿ. ಲೆಕ್ಕಕ್ಕೆ 12 ಗ್ರಾಂ ಅರಳಿದ ಸುಣ್ಣ, ಅಂಗಡಿಯ ಸುಣ್ಣಕ್ಕೆ 15 ಗ್ರಾಂ ಹಿಡಿಯಿರಿ. ಲ್ಯಾಬಿನ ಪಿಎಚ್ ಕಾಗದ 8ರಿಂದ 9ರ ನಡುವೆ ತೋರಿಸಿದಾಗ ನಿಲ್ಲಿಸಿ. ಮೊದಲು ಕೊಳಕು ಹಸುರು ಮಡ್ಡಿ ಬರುತ್ತದೆ. ಮೀನಿನ ತೊಟ್ಟಿಯ ಗಾಳಿಯ ಪಂಪು ಹಚ್ಚಿದರೆ ಅದು ನಿಧಾನಕ್ಕೆ ಕಂದು, ಆಮೇಲೆ ಕಾವಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಪೇಲವ ಅನಿಸಿದರೆ ಅದು ಸುಣ್ಣದಿಂದ ಹುಟ್ಟಿದ ಜಿಪ್ಸಂ ಬೆರೆತದ್ದಕ್ಕೆ. ಗಾಢ ಕಾವಿ ಬೇಕೆಂದರೆ ಒಂದು ಲೋಟ ನೀರಿಗೆ ಸುಣ್ಣದ ಬದಲು ವಾಷಿಂಗ್ ಸೋಡಾ ಹಾಕಿ ಬೇರೆ ಮಾಡಿ ತೋರಿಸಿ, ನೊರೆ ಏಳುತ್ತದೆ, ಪಾತ್ರೆ ಅರ್ಧ ಖಾಲಿ ಇರಲಿ.

ಒಂದು ದಿನ ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಬಾವಿ, ಗದ್ದೆ, ಹಳ್ಳದಿಂದ ದೂರದ ಒಣ ನೆಲಕ್ಕೆ ಸುರಿಯಿರಿ. ಮಡ್ಡಿಯನ್ನು ಸಿಮೆಂಟಿನಲ್ಲಿ ಕಲಸಿ ಸಣ್ಣ ಇಟ್ಟಿಗೆ ಮಾಡಿ, ಮೇಲೆ ದಿನಾಂಕ ಗೀರಿ ಲ್ಯಾಬಿನಲ್ಲಿಡಿ. ಮೈಲುತುತ್ತ ಮುಟ್ಟುವವರಿಗೆ ಕೈಗವಸು, ಕನ್ನಡಕ ಇರಲೇಬೇಕು. ನೀಲಿ ನೀರಿನ ಬಾಟಲಿ ಶರಬತ್ತಿನ ಹಾಗೆ ಕಾಣುತ್ತದೆ, ಸಣ್ಣ ಮಕ್ಕಳು ಬರುವ ಜಾಗದಲ್ಲಿ ಮುಚ್ಚಳಕ್ಕೆ ಟೇಪು ಸುತ್ತಿ, ದೊಡ್ಡ ಅಕ್ಷರದಲ್ಲಿ ವಿಷ ಎಂದು ಬರೆಯಿರಿ.

ಫಲಕಕ್ಕೆ ನನ್ನ ಕಡೆಯಿಂದ ಒಂದು ಸೇರಿಸಿ. ಆ ಗುಡ್ಡದಿಂದ ಎರಡು ಹೊಳೆ ಹುಟ್ಟುತ್ತವೆ, ಎರಡಕ್ಕೂ ಆಫೊನ್ ಗೋಖ್ ಎಂದೇ ಹೆಸರು, ಕೆಂಪು ಹೊಳೆ ಎಂದು ಅರ್ಥ. ಒಂದು ಆಮ್ಲುಖ್ ಕಡೆಗೆ, ಇನ್ನೊಂದು ದಕ್ಷಿಣದಲ್ಲಿ ಡುಲಾಸ್ ಕೊಲ್ಲಿಗೆ. ಸುರಂಗದೊಳಗೆ ಕಟ್ಟಿದ್ದ ಒಡ್ಡಿನ ಹಿಂದೆ ಹುಳಿನೀರು ತುಂಬಿ ನಿಂತಿತ್ತು. ಒಡ್ಡು ಒಡೆದರೆ ಕೆಳಗಿನ ಆಮ್ಲುಖ್‌ಗೆ ಅಪಾಯ ಎಂದು 2003ರಲ್ಲಿ ನೀರು ಖಾಲಿ ಮಾಡಿ ಒಡ್ಡು ತೆಗೆದರು. ಆಮೇಲೆ ಹೆಚ್ಚಿನ ನೀರು ಉತ್ತರದ ಹೊಳೆಗೇ ಬೀಳುತ್ತಿದೆ. ಗಣಿ ನಿಂತು ಇಷ್ಟು ಕಾಲವಾದರೂ ಆ ನೀರು ಇನ್ನೂ ತಾಮ್ರ, ಸತು, ಹುಳಿ ಹೊತ್ತು ಐರಿಷ್ ಸಮುದ್ರಕ್ಕೆ ಹೋಗುತ್ತಿದೆ.

ಕುಮಟಾ ಅಕ್ಕೋರು

ಎಲ್ಲರಿಗೂ ಧನ್ಯವಾದ. ಕಪ್ಪು ಕಟ್ಟುತಂತಿ ತಂದು ಉಜ್ಜಿ ಹಾಕಿದೆವು, ಕ್ಷಣದಲ್ಲಿ ಕೆಂಪಾಯಿತು. ಪಿಎಚ್ ಕಾಗದ ಶಾಲೆಯಲ್ಲಿ ಮುಗಿದಿದೆ. ದಾಸವಾಳದ ರಸದಲ್ಲಿ ಅದ್ದಿದ ಕಾಗದ ನಡೆಯುತ್ತದೆಯೇ?

ತೋಟಿಗ, ಶಿರಸಿ

ಹುಳಿಯೋ ಕ್ಷಾರವೋ ಎಂದು ತಿಳಿಯಲು ನಡೆಯುತ್ತದೆ. ಕೆಂಪು ದಾಸವಾಳ ಹುಳಿಯಲ್ಲಿ ಕೆಂಪಾಗಿ, ಕ್ಷಾರದಲ್ಲಿ ಹಸುರಾಗಿ ಕಾಣುತ್ತದೆ. ಆದರೆ ಕರಗಿದ ಕಬ್ಬಿಣ ಅದರ ಬಣ್ಣವನ್ನು ಕಪ್ಪಾಗಿಸುತ್ತದೆ, ಅದರ ಮೇಲೆ ಅಂಕಿ ಹೇಳಲಾಗದು. ಅರಿಶಿನದ ಕಾಗದ ಇಲ್ಲಿ ಹೆಚ್ಚು ಉಪಯೋಗ: ಸುಮಾರು 8ರ ಮೇಲೆ ಹೋದಾಗ ಮಾತ್ರ ಕೆಂಪಾಗಲು ಶುರುವಾಗುತ್ತದೆ. ಮಡ್ಡಿ ಕೂತ ಮೇಲೆ ಮೇಲಿನ ತಿಳಿಯಲ್ಲಿ ಅದ್ದಿ. ಹಳದಿ ಕೆಂಪಿಗೆ ತಿರುಗಿದ ಕೂಡಲೇ ಸುಣ್ಣ ನಿಲ್ಲಿಸಿ.